ಬಾಣಂತಿಯನ್ನು ಎಲ್ಲಿ, ಯಾವಾಗ ಕೇಳಬೇಕು?



ತಾಯಿಯ ನೆನಪಿಗೆ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಇಲ್ಲಿ ಹೆರಿಗೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂತೋಷದಿಂದ ಒಪ್ಪಿದ ಕುಟುಂಬಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ನಮ್ಮ ಸಭೆಗಳಲ್ಲಿ ಹೆರಿಗೆಯ ಮಾತು ಬಂದರೆ ಒಂದೋ ತಾಯ್ತನದ ಹೊಗಳಿಕೆ ನಡೆಯುತ್ತದೆ, ಇಲ್ಲವೇ ಸಾವಿನ ಲೆಕ್ಕ ನಡೆಯುತ್ತದೆ. ಬೇನೆ ತಿಂದು, ಹೆತ್ತು, ಹೊಲಿಗೆ ಹಾಕಿಸಿಕೊಂಡು, ಮೂರನೇ ದಿನ ಮಗುವನ್ನು ಎತ್ತಿಕೊಂಡು ಮನೆಗೆ ಹೋದ ಹೆಂಗಸು ಆಸ್ಪತ್ರೆಯವರು ತನ್ನನ್ನು ಹೇಗೆ ನಡೆಸಿಕೊಂಡರು ಎಂದು ನೆನೆಯುತ್ತಾಳೆ ಎಂಬುದನ್ನು ಕೇಳುವವರು ಕಡಿಮೆ. ಸಮುದಾಯ ಆರೋಗ್ಯದ ಪಾಠ ಹೇಳಿಕೊಂಡು ಬಂದ ನನಗೆ ಈ ವಿಷಯ ವರ್ಷಗಳಿಂದ ಬೆನ್ನು ಬಿಟ್ಟಿಲ್ಲ.

ಮೊದಲು, ಆಗಿರುವ ಒಳ್ಳೆಯದನ್ನು ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರ ಹೊತ್ತಿಗೆ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ಸುಮಾರು 65. 2019–21ರ ಸಮೀಕ್ಷೆಯಲ್ಲಿ ಅದು 97. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004–06ರಲ್ಲಿ 213 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಜನನಿ ಸುರಕ್ಷಾ, 108 ಆಂಬುಲೆನ್ಸ್, ಮಡಿಲು ಕಿಟ್, ಮನೆಗೆ ಬಿಟ್ಟು ಬರುವ ನಗು-ಮಗು ವಾಹನ, 2011ರಿಂದ ಔಷಧಿ, ರಕ್ತ, ಊಟ, ಆಪರೇಷನ್ ಎಲ್ಲವನ್ನೂ ಉಚಿತವೆಂದು ಸಾರಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಇವೆಲ್ಲ ಇದರ ಹಿಂದಿವೆ. ಅದಕ್ಕಿಂತ ಹೆಚ್ಚಾಗಿ, ನಡುರಾತ್ರಿಯಲ್ಲಿ ಬಸುರಿಯನ್ನು ಕರೆದುಕೊಂಡು ಹೊರಟ ಆಶಾ ಕಾರ್ಯಕರ್ತೆಯರಿದ್ದಾರೆ. ಈ ಸಾಧನೆಯಿಂದ ಒಂದು ಅಕ್ಷರವನ್ನೂ ನಾನು ಕಳೆಯುವುದಿಲ್ಲ. ರಕ್ತಸ್ರಾವದಲ್ಲಿ ಮನೆಯಲ್ಲೇ ಕಣ್ಣುಮುಚ್ಚಿದ ಬಾಣಂತಿಯರ ಕಥೆ ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಎಲ್ಲರೂ ಆಸ್ಪತ್ರೆಗೇ ಬರುವಂತಾದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯಾಗುತ್ತದೆ. ಬಂದವಳನ್ನು ಹೇಗೆ ನೋಡಿಕೊಂಡೆವು? ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಈ ಪ್ರಶ್ನೆಗೆ ಹಣದ ಬೆಲೆ ಕಟ್ಟಿತು. ಹೆರಿಗೆ ಕೋಣೆಯ ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗಿ, ನೂರಕ್ಕೆ 80 ತಾಯಂದಿರಾದರೂ ತೃಪ್ತಿ ಎಂದು ಹೇಳಿದರೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ 6 ಲಕ್ಷ, ಜಿಲ್ಲಾಸ್ಪತ್ರೆಗೆ 3 ಲಕ್ಷ, ಅದರ ಕೆಳಗಿನ ಆಸ್ಪತ್ರೆಗೆ 2 ಲಕ್ಷ ರೂಪಾಯಿ ಪ್ರೋತ್ಸಾಹಧನ. ಹೆತ್ತವಳ ಅಭಿಪ್ರಾಯಕ್ಕೆ ಸರ್ಕಾರಿ ಕಡತದಲ್ಲಿ ಇಷ್ಟು ಜಾಗ ಸಿಕ್ಕಿದ್ದು ದೊಡ್ಡದೇ. ನನ್ನ ತಕರಾರು ಇರುವುದು ಆ ಅಭಿಪ್ರಾಯವನ್ನು ಎಲ್ಲಿ, ಯಾವಾಗ, ಯಾರು ಕೇಳುತ್ತಾರೆ ಎನ್ನುವುದರ ಬಗ್ಗೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹೆರಿಗೆಯಾಗಿ ಎರಡೋ ಮೂರೋ ದಿನ. ಡಿಸ್ಚಾರ್ಜ್ ಆಗುವ ಬೆಳಿಗ್ಗೆ. ಹೆಂಗಸು ಮಂಚದ ಅಂಚಿಗೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಾಳೆ, ಹೊಲಿಗೆ ಎಳೆಯುತ್ತಿದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು ಪಕ್ಕದಲ್ಲಿ. ಅತ್ತೆಯೋ ತಾಯಿಯೋ ಬುಟ್ಟಿ, ಫ್ಲಾಸ್ಕು, ಬಿಸಿನೀರಿನ ಚೊಂಬು ಜೋಡಿಸುತ್ತಿದ್ದಾರೆ. ತಾಯಿ ಕಾರ್ಡಿನಲ್ಲಿ ಇನ್ನೂ ಬರೆದಾಗಿಲ್ಲ, ಜನನ ನೋಂದಣಿಗೆ ಹೆಸರು ಕೊಟ್ಟಾಗಿಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಸಿಸ್ಟರ್ ಹತ್ತಿರ ಇದೆ. ಆಗ ಅದೇ ಆಸ್ಪತ್ರೆಯ ಒಬ್ಬರು ಕಾಗದ ಹಿಡಿದು ಬಂದು, “ಎಲ್ಲಾ ಚೆನ್ನಾಗಿತ್ತೇನಮ್ಮಾ?” ಎಂದು ಕೇಳುತ್ತಾರೆ. ಅವಳು ಏನು ಹೇಳಬೇಕು? “ಚೆನ್ನಾಗ್ ನೋಡ್ಕೊಂಡ್ರು” ಎನ್ನುತ್ತಾಳೆ. ಕಾಗದದಲ್ಲಿ ಒಂದು ಗುರುತು ಬೀಳುತ್ತದೆ.

ಅವಳು ಸುಳ್ಳು ಹೇಳಿದಳೆಂದಲ್ಲ. ಎರಡು ಜೀವ ಬೇರೆ ಬೇರೆಯಾಗಿ ಎರಡೂ ಉಳಿದಿವೆ. ಒಂಬತ್ತು ತಿಂಗಳ ಭಯ ಇಳಿದ ಆ ಗಳಿಗೆಯಲ್ಲಿ ಯಾರ ಮೇಲೂ ದೂರು ಹುಟ್ಟುವುದಿಲ್ಲ. ಮತ್ತೆ ಇದೇ ಆಸ್ಪತ್ರೆಗೆ ಚುಚ್ಚುಮದ್ದಿಗೆ ಬರಬೇಕು, ಮುಂದಿನ ಹೆರಿಗೆಗೂ ಬರಬೇಕು. ಇನ್ನೂ ಒಂದು ಕಾರಣವಿದೆ, ಅದನ್ನು 1984ರಲ್ಲೇ ಬ್ರಿಟನ್ನಿನ ಇಬ್ಬರು ಸಂಶೋಧಕಿಯರು, ಮೌರೀನ್ ಪೋರ್ಟರ್ ಮತ್ತು ಸ್ಯಾಲಿ ಮ್ಯಾಕಿಂಟೈರ್, ಬಸುರಿಯರ ತಪಾಸಣೆಯನ್ನು ಅಧ್ಯಯನ ಮಾಡುತ್ತಾ ಗುರುತಿಸಿದ್ದರು. ಹೆಂಗಸರು ತಮಗೆ ಸಿಕ್ಕ ವ್ಯವಸ್ಥೆ ಯಾವುದೋ ಅದನ್ನೇ ಒಳ್ಳೆಯದೆನ್ನುತ್ತಾರೆ. ದೊಡ್ಡವರು ಯೋಚನೆ ಮಾಡಿಯೇ ಹೀಗೆ ಇಟ್ಟಿರಬೇಕು ಎಂದು ನಂಬುತ್ತಾರೆ. ಬೇರೆ ಏನನ್ನೂ ಕಾಣದವಳು ಯಾವುದಕ್ಕೆ ಹೋಲಿಸಿ ಕಡಿಮೆಯಾಯಿತು ಎನ್ನಬೇಕು? ಬೈದರೂ ಒಳ್ಳೆಯದಕ್ಕೇ ಬೈದರು ಎನ್ನುವ ನಮ್ಮ ಹಳ್ಳಿಯ ಮಾತಿನಲ್ಲಿರುವುದೂ ಅದೇ ನಂಬಿಕೆ.

ಕೇಳುವ ಜಾಗ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ತಾಂಜಾನಿಯಾದ ಒಂದು ಅಧ್ಯಯನ ಕಣ್ಣಿಗೆ ಕಟ್ಟುವಂಥದ್ದು. ಮಾರ್ಗರೆಟ್ ಕ್ರಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯಿಂದ ಹೊರಡುವಾಗ ಕೇಳಿದರೆ ತಮ್ಮನ್ನು ಅವಮಾನಿಸಿದರು, ಒರಟಾಗಿ ನಡೆಸಿಕೊಂಡರು ಎಂದವರು ನೂರಕ್ಕೆ ಹತ್ತೊಂಬತ್ತು ಚಿಲ್ಲರೆ. ಐದರಿಂದ ಹತ್ತು ವಾರ ಬಿಟ್ಟು ಮನೆಗೇ ಹೋಗಿ ಕೇಳಿದಾಗ ಹಾಗೆಂದವರು ಇಪ್ಪತ್ತೆಂಟಕ್ಕೂ ಹೆಚ್ಚು. ಆಸ್ಪತ್ರೆಗಳೂ ಅವೇ, ಪ್ರಶ್ನೆಗಳೂ ಅವೇ. 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ನಾಲ್ಕು ದೇಶಗಳ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವುಗಳಲ್ಲಿ ಮೂರರಲ್ಲಿ, ಅಂದರೆ ಘಾನಾ, ಗಿನಿ, ನೈಜೀರಿಯಾಗಳಲ್ಲಿ, ಹೆರಿಗೆ ಕೋಣೆಯ ಒಳಗೇ ಕೂತು ನೋಡಿದರು. ನೋಡಿದ 2,016 ಹೆಂಗಸರಲ್ಲಿ ನೂರಕ್ಕೆ ಸುಮಾರು 42 ಮಂದಿ ಹೊಡೆತ, ಬೈಗುಳ, ಹೀಯಾಳಿಕೆ ಇಲ್ಲವೇ ಭೇದಭಾವ ಅನುಭವಿಸಿದರು. ಒಳಪರೀಕ್ಷೆಗಳಲ್ಲಿ ಹತ್ತಕ್ಕೆ ಆರರಷ್ಟನ್ನು ಒಪ್ಪಿಗೆ ಕೇಳದೆಯೇ ಮಾಡಿದ್ದರು. ಯೋನಿಯ ಬಾಯಿ ಕತ್ತರಿಸಿದಾಗ ನಾಲ್ಕರಲ್ಲಿ ಮೂರು ಬಾರಿ ಕೇಳಿರಲಿಲ್ಲ. ಇದು ನಮ್ಮ ನಾಡಿನ ಲೆಕ್ಕವಲ್ಲ. ನಮ್ಮ ಹೆರಿಗೆ ಕೋಣೆಗಳನ್ನು ಒಳಗಿನಿಂದ ಕಂಡವರು ಮಾತ್ರ ಇದನ್ನು ಓದಿ ಪರದೇಶದ ಸುದ್ದಿ ಎಂದು ಪುಟ ಮಗುಚುವುದಿಲ್ಲ.

ನಮ್ಮಲ್ಲಿ ಮನೆಯಲ್ಲಿ ಕೇಳಬೇಕೆಂದರೆ ತವರುಮನೆಯಲ್ಲಿ ಕೇಳಬೇಕು. ಚೊಚ್ಚಲ ಹೆರಿಗೆ ತವರಿನದು. ಹೆಂಗಸಿನ ಹೆಸರು ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ ನೋಂದಣಿಯಾಗಿರುತ್ತದೆ, ಏಳನೇ ತಿಂಗಳು ದಾಟಿದ ಮೇಲೆ ತವರಿಗೆ ಬರುತ್ತಾಳೆ, ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಆಗುತ್ತದೆ, ಮೂರೋ ಐದೋ ತಿಂಗಳಿಗೆ ಮಗುವಿನೊಂದಿಗೆ ಗಂಡನ ಮನೆ. ಮೂರು ಕಡೆಯ ರಿಜಿಸ್ಟರುಗಳಲ್ಲಿ ಹಂಚಿಹೋದ ಈ ಹೆಂಗಸಿನ ಪೂರ್ತಿ ಕಥೆ ಗೊತ್ತಿರುವವಳು ಬಾಣಂತನ ಮಾಡುವ ತಾಯಿ ಒಬ್ಬಳೇ. ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಕೂದಲಿಗೆ ಲೋಬಾನದ ಹೊಗೆ ಹಿಡಿಯುವ ಹೊತ್ತಿನಲ್ಲಿ ಮಗಳು ಒಂದೊಂದೇ ಮಾತು ಬಿಚ್ಚುತ್ತಾಳೆ.

ವಿದ್ಯಾರ್ಥಿನಿಯರನ್ನು ಕರೆದುಕೊಂಡು ನಾನು ಇಂಥ ಮನೆಗಳಿಗೆ ಹೋಗುತ್ತಿದ್ದೆ. ಹಾಸನದ ಕಡೆಯ ಹಳ್ಳಿಯಲ್ಲಿ ಒಬ್ಬ ಬಾಣಂತಿ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು ಕೂತವಳು, ನಮ್ಮ ಪ್ರಶ್ನೆಗೆಲ್ಲ “ಚೆನ್ನಾಗಿತ್ತು ಮೇಡಂ” ಎಂದೇ ಹೇಳುತ್ತಿದ್ದಳು. ಬಾಗಿಲಲ್ಲಿ ಮೆಣಸಿನ ಸಾರಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ತಾಯಿ ತಡೆಯಲಾರದೆ, “ಏನ್ ಚೆನ್ನಾಗಿತ್ತೇ? ರಾತ್ರಿಯೆಲ್ಲ ಒಬ್ಳೇ ಬಿದ್ಕೊಂಡಿದ್ದೆ ಅಂತ ನನ್ ಹತ್ರ ಅತ್ತೆಯಲ್ಲ, ಅದನ್ ಹೇಳು ಅವರಿಗೆ” ಎಂದರು. ಆಮೇಲೆ ಹುಡುಗಿ ಹೇಳಿದ್ದು ಹೀಗೆ. ಸಂಜೆ ಒಳಗೆ ಕರೆದುಕೊಂಡರು. ಅಮ್ಮನನ್ನು ಗೇಟಿನ ಹೊರಗೆ ನಿಲ್ಲಿಸಿದರು. ಡ್ರಿಪ್ಪಿಗೆ ನೋವಿನ ಇಂಜೆಕ್ಷನ್ ಹಾಕಿ ಹೋದರು. ಪಕ್ಕದ ಟೇಬಲ್ಲಿನವಳು ಹೆತ್ತು ಹೋದಳು, ಅದರಾಚೆಯವಳೂ ಹೆತ್ತು ಹೋದಳು. ನೀರು ಕೇಳಿದರೆ ಈಗ ಕುಡಿಯಬಾರದು ಎಂದರು. ಕೂಗಿದ್ದಕ್ಕೆ ಕೇಳಬಾರದ ಒಂದು ಮಾತು ಅಂದರು. ಆ ಮಾತನ್ನು ಅವಳು ನಮಗೆ ಹೇಳಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಕೊನೆಗೆ ಯಾರೋ ಹೊಟ್ಟೆಯ ಮೇಲೆ ಮೊಣಕೈ ಊರಿ ಅದುಮಿದರು. “ನೋವಿಗಲ್ಲ ಮೇಡಂ, ಸತ್ತೇ ಹೋದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಅಳು ಬಂತು” ಎಂದಳು.

ನೋವಿಗಲ್ಲ ಎಂದ ಅವಳ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. ಕೆನಡಾದ ಎಲೆನ್ ಹಾಡ್ನೆಟ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2002ರಲ್ಲಿ ಬರೆದ ಲೇಖನದ ಸಾರ ಇಷ್ಟು: ಹೆರಿಗೆಯ ಅನುಭವ ಸಮಾಧಾನ ಕೊಟ್ಟಿತೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ನೋವಿನ ಪ್ರಮಾಣವಲ್ಲ, ವಯಸ್ಸಲ್ಲ, ಬಡತನ-ಸಿರಿತನವೂ ಅಲ್ಲ. ಹೆಂಗಸಿನ ನಿರೀಕ್ಷೆ ಏನಿತ್ತು, ಪಕ್ಕದಲ್ಲಿದ್ದವರು ಎಷ್ಟು ಆಸರೆಯಾದರು, ಅವರೊಂದಿಗಿನ ಸಂಬಂಧ ಹೇಗಿತ್ತು, ತನ್ನ ಮೈಗೆ ಸಂಬಂಧಿಸಿದ ನಿರ್ಧಾರದಲ್ಲಿ ತನ್ನ ಮಾತು ನಡೆಯಿತೇ, ಈ ನಾಲ್ಕು ಸೇರಿದರೆ ಉಳಿದವೆಲ್ಲ ಹಿಂದೆ ಬೀಳುತ್ತವೆ. ಹೊಸ ಕಟ್ಟಡ, ಟೈಲ್ಸು, ಬಣ್ಣ ಯಾವುದೂ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಟೆಂಡರ್ ಕರೆದು ತರಿಸಲಾಗದು.

ಇವುಗಳಲ್ಲಿ ಆಸರೆಯ ಮಾತನ್ನು ಸ್ವಲ್ಪ ನಿಂತು ನೋಡೋಣ. ಗ್ವಾಟೆಮಾಲಾದ ಒಂದು ಕಿಕ್ಕಿರಿದ ಆಸ್ಪತ್ರೆಯಲ್ಲಿ ಸೋಸಾ, ಕೆನೆಲ್, ಕ್ಲೌಸ್ ಮೊದಲಾದ ವೈದ್ಯರು ಮಾಡಿದ ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಚೊಚ್ಚಲ ಬಸುರಿಯರಲ್ಲಿ ಕೆಲವರ ಪಕ್ಕದಲ್ಲಿ ಹೆರಿಗೆ ಮುಗಿಯುವವರೆಗೆ ಒಬ್ಬ ಹೆಂಗಸನ್ನು ಕೂರಿಸಿದರು. ನರ್ಸ್ ಅಲ್ಲ, ನೆಂಟಳೂ ಅಲ್ಲ, ಗುರುತೇ ಇಲ್ಲದವಳು. ಅವಳು ಮಾಡಿದ್ದು ಬೆನ್ನು ನೀವಿದ್ದು, ಕೈ ಹಿಡಿದದ್ದು, ಮಾತಾಡಿಸಿದ್ದು. ಸೇರಿದಾಗಿನಿಂದ ಹೆರುವವರೆಗಿನ ಹೊತ್ತು ಅವರಲ್ಲಿ ಸರಾಸರಿ 8.8 ಗಂಟೆ. ಒಂಟಿಯಾಗಿದ್ದವರಲ್ಲಿ 19.3 ಗಂಟೆ. ಅದು ಚಿಕ್ಕ ಪ್ರಯೋಗ. ಆಮೇಲೆ ಹದಿನೇಳು ದೇಶಗಳ, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಜೋಡಿಸಿ 2017ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯೂ ಅದೇ ದಿಕ್ಕನ್ನು ತೋರಿತು: ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯನ್ನು ಕಹಿಯಾಗಿ ನೆನೆಯುವವರೂ ಕಡಿಮೆಯಾಗುತ್ತಾರೆ.

ನಮಗಿದು ಹೊಸದೇ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರೆಂದು ಹೇಳುತ್ತಾರೆ, ಅದೂ ಕಾಸು ಮುಟ್ಟದೆ. ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹಾಡಿ ಹೊಗಳುವುದಿಲ್ಲ. ಕಸ ಬೀಳದೆ ರಕ್ತ ಹರಿದರೆ ಅವರ ಕೈಯಲ್ಲಿ ಔಷಧವಿರಲಿಲ್ಲ. ಆದರೆ ಬೇನೆ ಶುರುವಾದಾಗ ಬಂದ ಸೂಲಗಿತ್ತಿ ಕೂಸಿಗೆ ನೀರು ಹುಯ್ಯುವವರೆಗೆ ಎದ್ದು ಹೋಗುತ್ತಿರಲಿಲ್ಲ. ಹೆಂಗಸು ಕುಕ್ಕರಗಾಲಿನಲ್ಲಿ ಕೂರಲಿ, ಗೋಡೆಗೆ ಒರಗಲಿ, ಹಗ್ಗ ಹಿಡಿದು ನಿಲ್ಲಲಿ, ಅವಳಿಷ್ಟದಂತೆ ಬಿಡುತ್ತಿದ್ದಳು. ಹೆರಿಗೆಯನ್ನು ಆಸ್ಪತ್ರೆಗೆ ತರುವಾಗ ಔಷಧವನ್ನು ಪಡೆದುಕೊಂಡೆವು, ಈ ಜೊತೆಯನ್ನು ಗೇಟಿನ ಹೊರಗೆ ಬಿಟ್ಟೆವು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಓದಿದರೆ ಹೊರಗೆ ಬಿಟ್ಟವನ್ನೇ ಮತ್ತೆ ಒಂದೊಂದಾಗಿ ಒಳಗೆ ಕರೆದಂತಿದೆ: ಅವಳಿಗೆ ಬೇಕಾದವರು ಜೊತೆಗಿರಲಿ, ಓಡಾಡಲಿ, ಬೇಕಾದ ಭಂಗಿಯಲ್ಲಿ ಹೆರಲಿ, ತೊಂದರೆಯಿಲ್ಲದವಳಿಗೆ ನೀರು-ಆಹಾರ ಕೊಡಿ, ಎಲ್ಲರಿಗೂ ಕತ್ತರಿ ಹಾಕಬೇಡಿ, ಹೊಟ್ಟೆ ಅದುಮಬೇಡಿ.

ಜೊತೆಗಾತಿಗೆ ಅನುಮತಿ ನಮ್ಮ ದೇಶದಲ್ಲೂ ಇದೆ. ಹೆತ್ತ ಅನುಭವವಿರುವ ಒಬ್ಬ ಹೆಂಗಸನ್ನು ಹೆರಿಗೆ ಕೋಣೆಯೊಳಗೆ ಬಿಡಬಹುದೆಂದು, ಮರೆಯಿರುವ ಕಡೆ ಗಂಡನೂ ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರ ಫೆಬ್ರವರಿಯಲ್ಲೇ ಹೇಳಿತು. ಹಾಗಿದ್ದೂ ಎಷ್ಟೋ ಕಡೆ ಅಮ್ಮ ಹೊರಗೇ ನಿಂತಿರುತ್ತಾಳೆ. ಕಾರಣ ಕೇಳಿದರೆ ಸಿಸ್ಟರುಗಳು ಹೇಳುವುದು ಸುಳ್ಳಲ್ಲ. ಟೇಬಲ್ಲುಗಳ ನಡುವೆ ಪರದೆ ಇಲ್ಲ. ಒಬ್ಬಳ ಅತ್ತೆ ಒಳಗೆ ಬಂದರೆ ಇನ್ನೊಬ್ಬಳ ಮಾನ ಹೋಗುತ್ತದೆ. ರಾತ್ರಿ ಪಾಳಿಯಲ್ಲಿ ಇಬ್ಬರು ಇರಬೇಕಾದಲ್ಲಿ ಒಬ್ಬಳೇ, ಅವಳೂ ಗುತ್ತಿಗೆಯವಳು. ಒಂದು ಹೆರಿಗೆ ಹಿಡಿಯುತ್ತಾ ಇನ್ನೊಂದರ ರಕ್ತಸ್ರಾವ ನೋಡುತ್ತಾ ಮೂರನೆಯದರ ರೆಫರಲ್ ಚೀಟಿ ಬರೆಯುತ್ತಿರುತ್ತಾಳೆ. ಏನಾದರೂ ಎಡವಟ್ಟಾದರೆ ಜನ ಮೊದಲು ಕೈಮಾಡುವುದೂ ಅವಳ ಮೇಲೆಯೇ. ಅಂಥವಳ ಬಾಯಲ್ಲಿ ಒರಟು ಮಾತು ಬಂದರೆ ಅದನ್ನು ನಾನು ಒಪ್ಪುವುದಿಲ್ಲ, ಆದರೆ ಅವಳೊಬ್ಬಳನ್ನೇ ಗುರಿ ಮಾಡುವುದಕ್ಕೂ ಒಪ್ಪುವುದಿಲ್ಲ. ಜೊತೆಗಾತಿ ಒಳಗಿದ್ದರೆ ನೀರು ಕುಡಿಸುವ, ಬೆನ್ನು ನೀವುವ, ಕೂಗಿ ಕರೆಯುವ ಕೆಲಸದ ಹೊರೆ ಮೊದಲು ಇಳಿಯುವುದು ಈ ಸಿಸ್ಟರ್ ತಲೆಯ ಮೇಲಿಂದ. ಪರದೆ ಹಾಕಿಸಿದ ಕಡೆ ಸಿಸ್ಟರುಗಳೇ ಇದನ್ನು ನನಗೆ ಹೇಳಿದ್ದಾರೆ.

ಈ ತೃಪ್ತಿಯ ಲೆಕ್ಕದಲ್ಲಿ ಬರದೇ ಹೋಗುವವರೂ ಇದ್ದಾರೆ. ಮಗು ಉಳಿಯದ ತಾಯಿಯನ್ನು ಚೆನ್ನಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೇಳುವುದಕ್ಕೆ ಸಂಕೋಚ, ಸರಿ. ಆದರೆ ಹೇಳಲು ಅತಿ ಹೆಚ್ಚು ಇರುವವಳು ಅವಳೇ. ಬಾಗಿಲಿಂದಲೇ ಹಿಂದೆ ಕಳಿಸಿದವರು ಯಾವ ಕಾಗದದಲ್ಲೂ ಇಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ದಾಖಲಾಗದೆ ಮರಳಿದ ತಮಿಳುನಾಡು ಮೂಲದ ಬಡ ಹೆಂಗಸು ಬಾಡಿಗೆ ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತಳು. ತಾಯಿ, ಎರಡು ಶಿಶುಗಳು, ಮೂವರೂ ಉಳಿಯಲಿಲ್ಲ. ನಾಡೆಲ್ಲ ಮರುಗಿತು, ಅಮಾನತುಗಳಾದವು. ಒಳಗೇ ಸೇರಿಸಿಕೊಳ್ಳದವಳು ಆಸ್ಪತ್ರೆಯ ತೃಪ್ತಿಯ ಅಂಕಿಯನ್ನು ಒಂದು ಕೂದಲೆಳೆಯಷ್ಟೂ ಇಳಿಸಲಾರಳು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಖಾಸಗಿ ಆಸ್ಪತ್ರೆಗಳ ವಿಷಯ ಬೇರೆಯೇ ಉಪನ್ಯಾಸ ಬೇಡುತ್ತದೆ. 2019–21ರಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಖಾಸಗಿಯಲ್ಲಿ ಬೈಗುಳ ಕಡಿಮೆ, ಮಂಚ ಚೊಕ್ಕಟ. ಯಾಕೆ ಕೊಯ್ದರು ಎಂದು ಕೇಳಿದರೆ ಮಾತ್ರ “ನೀರು ಕಡಿಮೆ ಅಂದ್ರು” ಎನ್ನುವುದರಾಚೆ ಉತ್ತರ ಗೊತ್ತಿರುವ ತಾಯಂದಿರು ನನಗೆ ಸಿಕ್ಕಿದ್ದು ಅಪರೂಪ.

ಹಾಗಾದರೆ ಏನು ಮಾಡಬೇಕು? ತೃಪ್ತಿಯೇ ಎಂದು ಕೇಳುವುದನ್ನು ಬಿಟ್ಟು, ನಡೆದದ್ದೇನೆಂದು ಕೇಳಬೇಕು. ಬೇನೆ ತಿನ್ನುವಾಗ ಪಕ್ಕದಲ್ಲಿ ಯಾರಿದ್ದರು? ಒಳಗೆ ಕೈಹಾಕಿ ನೋಡುವ ಮುಂಚೆ ಹೇಳಿದರೇ? ಮರೆ ಇತ್ತೇ? ಕುಡಿಯಲು ನೀರು ಸಿಕ್ಕಿತೇ? ಯಾರಾದರೂ ಕೈ ಎತ್ತಿದರೇ, ಏನಾದರೂ ಅಂದರೇ? ಹೊಲಿಗೆ ಹಾಕುವಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟರೇ? ಹುಟ್ಟಿದ ಮಗುವನ್ನು ಎದೆಯ ಮೇಲೆ ಎಷ್ಟು ಹೊತ್ತಿಗೆ ಹಾಕಿದರು? ಗಂಡು, ಹೆಣ್ಣು ಎಂದು ಹೇಳಿ “ಖುಷಿಗೆ ಕೊಡಿ” ಎಂದು ಎಷ್ಟು ಇಸಿದುಕೊಂಡರು, ಯಾರು? ಇವಕ್ಕೆ ಉತ್ತರ ಕೊಡಲು ಯಾರನ್ನೂ ದೂರಬೇಕಾಗಿಲ್ಲ, ಇದ್ದದ್ದನ್ನು ಹೇಳಿದರೆ ಸಾಕು. ಅಭಿಪ್ರಾಯ ಕೇಳಿದರೆ ಹಿಂಜರಿಯುವವಳು ನಡೆದದ್ದನ್ನು ಕೇಳಿದರೆ ಹೇಳುತ್ತಾಳೆ. ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಆ ತಾಯಿ ನನಗೆ ಕಲಿಸಿದ್ದು ಇದು.

ಕೇಳಬೇಕಾದ ಜಾಗ ತವರುಮನೆ. ಹೊತ್ತು ಎಂದರೆ ಒಂದೂವರೆ ತಿಂಗಳ ಮೇಲೆ. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟನೇ ದಿನ ಹೋಗುತ್ತಾಳೆ, ಕೊನೆಯ ಭೇಟಿ ನಲವತ್ತೆರಡನೇ ದಿನ. ದಾರಿ ಅವಳಿಗೆ ಗೊತ್ತು, ಮನೆಯವರಿಗೂ ಅವಳು ಗೊತ್ತು. ಆದರೆ ಅದೇ ಆಸ್ಪತ್ರೆಗೆ ಹೆರಿಗೆಗೆ ಕರೆತಂದವಳನ್ನೇ ಆಸ್ಪತ್ರೆಯ ತಪ್ಪು ಬರೆ ಎಂದರೆ ಅವಳನ್ನು ಕಷ್ಟಕ್ಕೆ ಸಿಕ್ಕಿಸಿದಂತೆ. ಅದಕ್ಕೇ ಅವಳು ದಾರಿ ತೋರಿಸಲಿ, ಕೇಳುವವರು ಬೇರೆಯವರಾಗಲಿ: ಪಕ್ಕದ ತಾಲ್ಲೂಕಿನ ನರ್ಸಿಂಗ್ ವಿದ್ಯಾರ್ಥಿನಿಯರು, ಸ್ತ್ರೀಶಕ್ತಿ ಸಂಘದ ಓದುಬರಹ ಬಲ್ಲ ಹೆಂಗಸರು, ನಮ್ಮ ಕಾಲೇಜುಗಳ ಸಮಾಜಕಾರ್ಯದ ಹುಡುಗಿಯರು. ಬರೆದುಕೊಳ್ಳುವ ಹಾಳೆಯಲ್ಲಿ ತಾಯಿಯ ಹೆಸರು ಬೇಡ, ಸಿಸ್ಟರಿನ ಹೆಸರೂ ಬೇಡ. ಆಸ್ಪತ್ರೆ, ತಿಂಗಳು, ಪಾಳಿ ಇಷ್ಟು ಸಾಕು. ಮಗು ಕಳೆದುಕೊಂಡ ಮನೆಗೂ ಹೋಗಬೇಕು, ಅಲ್ಲಿಗೆ ಹಿರಿಯರು ಹೋಗಬೇಕು.

ಬಂದ ಉತ್ತರಗಳನ್ನು ಬೆಂಗಳೂರಿಗೋ ದಿಲ್ಲಿಗೋ ಕಳಿಸಿ ಕಾಯುವುದು ಬೇಡ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ಒಂದಿಷ್ಟು ಹಣವೂ ಇದೆ. ಆ ಸಮಿತಿ ಸೇರಿದಾಗಲೆಲ್ಲ ಈ ಉತ್ತರಗಳನ್ನು ಗಟ್ಟಿಯಾಗಿ ಓದಬೇಕು. ಹಿಂದಿನ ತಿಂಗಳುಗಳಲ್ಲಿ ಅಲ್ಲೇ ಹೆತ್ತ ಇಬ್ಬರು ಹೆಂಗಸರು, ರಾತ್ರಿ ಪಾಳಿ ಮಾಡಿದ ಒಬ್ಬ ಸಿಸ್ಟರ್, ಮೂವರೂ ಆ ಸಭೆಯಲ್ಲಿ ಕುರ್ಚಿಯ ಮೇಲೆ ಕೂತಿರಬೇಕು. ಪರದೆ ಇಲ್ಲ ಎಂದು ತಾಯಿ ಹೇಳಿದರೆ ಪರದೆಗೆ, ಆಳು ಸಾಲದು ಎಂದು ಸಿಸ್ಟರ್ ಹೇಳಿದರೆ ಆಳಿಗೆ, ಅಂದೇ ಠರಾವು ಬರೆದು ಯಾರು ಯಾವ ದಿನದೊಳಗೆ ಮಾಡುತ್ತಾರೆ ಎಂದು ಸಹಿ ಹಾಕಬೇಕು. ಮುಂದಿನ ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಠರಾವನ್ನು. ಇದನ್ನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ವರ್ಷ ಮಾಡಿ ನೋಡಲು ಹೊಸ ಯೋಜನೆಯೂ ಬೇಕಿಲ್ಲ, ಸರ್ಕಾರದ ಹೊಸ ಆದೇಶವೂ ಬೇಕಿಲ್ಲ. ಈ ಸಭೆಯಲ್ಲಿ ವೈದ್ಯರಿದ್ದೀರಿ, ಸಮಿತಿಗಳ ಸದಸ್ಯರೂ ಇದ್ದೀರಿ. ನಿಮ್ಮ ಊರಿನಲ್ಲಿ ಶುರುಮಾಡುವುದಾದರೆ ಪ್ರಶ್ನೆಗಳ ಹಾಳೆಯನ್ನು ತಂದಿದ್ದೇನೆ, ಕಾರ್ಯಕ್ರಮ ಮುಗಿದ ಮೇಲೆ ನನ್ನಿಂದ ತೆಗೆದುಕೊಳ್ಳಿ.